ಸಂಚಕಾರದ ವ್ಯಾಪಾರ



ಇಂದಿನ ಮಾತನ್ನು ಒಂದು ಶಬ್ದದಿಂದ ಮೊದಲು ಮಾಡುತ್ತೇನೆ. ಆ ಶಬ್ದ 'ಸಂಚಕಾರ'. ಹುನಗುಂದ, ಇಳಕಲ್, ಬಾದಾಮಿ, ಬಾಗಲಕೋಟೆಗಳ ಸೀಮೆಯಲ್ಲಿ ಹೊಲವನ್ನೋ ಮನೆಯನ್ನೋ ಮಾರುವವನು, ಮಾತು ಗಟ್ಟಿಯಾಯಿತೆಂಬುದರ ಗುರುತಿಗೆ ಕೊಳ್ಳುವವನಿಂದ ಮುಂಗಡವಾಗಿ ಪಡೆಯುವ ಹಣಕ್ಕೆ ಸಂಚಕಾರವೆನ್ನುತ್ತೇವೆ. ಆಗ ಬರೆಯುವ ಕಾಗದ ಸಂಚಕಾರ ಪತ್ರ. ಇದು ಸಂಸ್ಕೃತದ 'ಸತ್ಯಂಕಾರ' ಶಬ್ದದ ತದ್ಭವ. ಅಮರಕೋಶದ ವೈಶ್ಯವರ್ಗದಲ್ಲಿ, ಅಂದರೆ ಬೇಸಾಯ ವ್ಯಾಪಾರಗಳ ಶಬ್ದಗಳ ನಡುವೆ, ಆ ಮೂಲಪದವನ್ನು ಕಾಣಬಹುದು. ಆಡಿದ ಮಾತನ್ನು ಸತ್ಯವಾಗಿಸುವುದು ಯಾವುದೋ ಅದು ಸತ್ಯಂಕಾರ. ಎಂಥ ಒಳ್ಳೆಯ ಅರ್ಥ! ಆದರೆ ಕನ್ನಡಿಗರ ನಾಲಗೆಯ ಮೇಲೆ ಆ ಶಬ್ದಕ್ಕೆ ಇನ್ನೊಂದು ಅರ್ಥವೂ ಬೆಳೆದು ಬಂದಿದೆ. 'ಜೀವಕ್ಕೆ ಸಂಚಕಾರ ಬಂತು', 'ಮಾನಕ್ಕೆ ಸಂಚಕಾರ ಬಂತು' ಎನ್ನುತ್ತೇವಲ್ಲವೆ? ಅಲ್ಲಿ ಸಂಚಕಾರವೆಂದರೆ ಅಪಾಯ, ಕೇಡು. ನಾನು ಈಗ ಹೇಳಬೇಕೆಂದಿರುವ ವ್ಯಾಪಾರದಲ್ಲಿ ಈ ಎರಡು ಅರ್ಥಗಳೂ ಒಂದೇ ಕಾಗದದ ಎರಡು ಮಗ್ಗಲುಗಳಾಗಿ ಇರುತ್ತವೆ.

ವ್ಯಾಪಾರದ ಸ್ವರೂಪ ಹೀಗೆ. ಒಬ್ಬ ಒಕ್ಕಲಿಗನಿಗೆ ಹೊಲ ಮಾರಬೇಕಾಗಿದೆ. ನಡುವಣವನೊಬ್ಬ ಬಂದು ಬೆಲೆ ಕುದುರಿಸುತ್ತಾನೆ. ಬೆಲೆಯ ಒಂದು ಸಣ್ಣ ಭಾಗವನ್ನು ಸಂಚಕಾರವಾಗಿ ಕೊಟ್ಟು, ಮೂರು ನಾಲ್ಕು ತಿಂಗಳ ಅವಧಿಯಿಟ್ಟು ಪತ್ರ ಬರೆಯಿಸಿಕೊಳ್ಳುತ್ತಾನೆ. ಖರೀದಿ ಪತ್ರವನ್ನು ತನ್ನ ಹೆಸರಿಗಾಗಲಿ ತಾನು ಹೇಳಿದವರ ಹೆಸರಿಗಾಗಲಿ ಮಾಡಿಕೊಡತಕ್ಕದ್ದೆಂಬ ಒಂದು ಸಾಲನ್ನು ಅದರಲ್ಲಿ ಸೇರಿಸುತ್ತಾನೆ. ಆ ಒಂದು ಸಾಲೇ ಈ ವ್ಯಾಪಾರದ ಜೀವಾಳ. ಅವಧಿ ಮುಗಿಯುವುದರೊಳಗಾಗಿ ಹೆಚ್ಚಿನ ಬೆಲೆಗೆ ಕೊಳ್ಳುವವನನ್ನು ಹುಡುಕಿ ತಂದು, ಖರೀದಿಯನ್ನು ನೇರವಾಗಿ ಅವನ ಹೆಸರಿಗೆ ಮಾಡಿಸಿ, ನಡುವಿನ ವ್ಯತ್ಯಾಸವನ್ನು ತಾನು ಪಡೆಯುತ್ತಾನೆ. ಅಮೆರಿಕೆಯಲ್ಲಿ ಇದನ್ನು 'ಹೋಲ್‌ಸೇಲಿಂಗ್' ಎನ್ನುತ್ತಾರೆ. ಹೆಸರು ಠೋಕ ವ್ಯಾಪಾರದ್ದಾದರೂ ಅಲ್ಲಿ ಠೋಕಾಗಿ ಕೊಳ್ಳುವುದೇನೂ ಇಲ್ಲ. ಕೈಯಿಂದ ಕೈಗೆ ಹೋಗುವುದು ಕರಾರು ಮಾತ್ರ. ಆ ದೇಶದಲ್ಲಿಯೂ ಇದರಿಂದ ಮುದುಕರೂ ಬಡವರೂ ಮೋಸಹೋಗುವರೆಂಬ ದೂರು ಹೆಚ್ಚಿ, ಇಲಿನಾಯ್ ಸಂಸ್ಥಾನವು ೨೦೧೯ರಲ್ಲಿಯೂ ಒಕ್ಲಹೋಮಾ ಸಂಸ್ಥಾನವು ೨೦೨೧ರಲ್ಲಿಯೂ ಇದಕ್ಕೆ ಕಾಯಿದೆಯ ಕಡಿವಾಣ ಹಾಕಿದವು.

ಕನ್ನಡ ಕಲಿಸುವ ಮಾಸ್ತರನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಸೊಲ್ಲಾಪುರದಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿ ನಮ್ಮ ಹುನಗುಂದವನ್ನೂ ಇಳಕಲ್ಲನ್ನೂ ಹಾದುಹೋಗುತ್ತದೆ. ಅದರ ಇಕ್ಕೆಲಗಳ ಎರೆ ಹೊಲಗಳಲ್ಲಿ ಜೋಳ ಕಡಲೆಗಳ ನಡುವೆ ಅಲ್ಲಲ್ಲಿ ಪ್ಲಾಟಿನ ಕಲ್ಲುಗಳು ಎದ್ದಿವೆ. ಶಾಲೆ ಬಿಟ್ಟ ನಮ್ಮ ಹುಡುಗರು, ಇದು ಬಂಡವಾಳವಿಲ್ಲದ ವ್ಯಾಪಾರವಂತೆ, ಮೊದಲು ಮಾಡಬಹುದೆ, ಎಂದು ಕೇಳುತ್ತಾರೆ. ಇನ್ನೊಂದು ಕಡೆಗೆ ಹೊಲ ಮಾರುವವರು, ಈ ಪತ್ರದಲ್ಲಿ ಏನು ಬರೆದಿದೆ ಓದಿ ಹೇಳಿರೆಂದು ಕಾಗದ ಹಿಡಿದು ಬರುತ್ತಾರೆ. ಎರಡೂ ಕಡೆಯವರು ಕೂತು ಹೋಗುವ ಕಟ್ಟೆ ನಮ್ಮ ಮನೆಯದು. ಆದುದರಿಂದ ಇಬ್ಬರಿಗೂ ಉಪಯೋಗವಾಗುವ ನಾಲ್ಕು ಮಾತು ಹೇಳಬಹುದೆಂದುಕೊಂಡಿದ್ದೇನೆ.

ನಡುವೆ ನಿಂತು ವ್ಯಾಪಾರ ಮಾಡುವುದು ಹೀನವಲ್ಲ. ನಮ್ಮ ತಾಲೂಕಿನದೇ ಆದ ಐಹೊಳೆಯ ಹೆಸರು ಹೊತ್ತ ಐನೂರ್ವರ ವಣಿಕ ಸಂಘ ಒಂದು ಕಾಲಕ್ಕೆ ದಕ್ಷಿಣ ದೇಶವನ್ನೆಲ್ಲ ಸುತ್ತಿ, ಸಮುದ್ರದಾಚೆಗೂ ಹೋಗಿ ಸರಕು ಮುಟ್ಟಿಸಿತು. ಇಳಕಲ್ಲಿನ ಸೀರೆಯ ವ್ಯಾಪಾರಿಯೂ ನೇಕಾರನಿಗೂ ಉಡುವವಳಿಗೂ ನಡುವಿನವನೇ. ಆದರೆ ಅವನು ಹಣ ಕೊಟ್ಟು ಸೀರೆಯನ್ನು ತನ್ನದಾಗಿ ಮಾಡಿಕೊಂಡ ಮೇಲೆ ಮಾರುತ್ತಾನೆ. ಸಂಚಕಾರದ ವ್ಯಾಪಾರಿ ಮಾರುವುದು ಇನ್ನೂ ತನ್ನದಾಗದ ವಸ್ತುವನ್ನು. ಈ ಭೇದವನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಎಲ್ಲ ತೊಡಕುಗಳೂ ಇದರಿಂದಲೇ ಹುಟ್ಟುತ್ತವೆ.

ಬಂಡವಾಳವಿಲ್ಲದ ವ್ಯಾಪಾರವೆಂಬ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ಇವು ಕೇವಲ ಉದಾಹರಣೆಯ ಅಂಕಿಗಳು; ಯಾವ ಊರಿನ ದರವೂ ಅಲ್ಲ. ನಾಲ್ಕು ಎಕರೆ ಹೊಲ, ಎಕರೆಗೆ ೧೦ ಲಕ್ಷ. ಒಟ್ಟು ೪೦ ಲಕ್ಷ. ನೀವು ೨ ಲಕ್ಷ ಸಂಚಕಾರ ಕೊಟ್ಟು ನಾಲ್ಕು ತಿಂಗಳ ಅವಧಿ ಪಡೆದಿರಿ. ಎಕರೆಗೆ ೧೦ ಲಕ್ಷ ೭೫ ಸಾವಿರ ಕೊಡುವವನು ಸಿಕ್ಕನು. ಒಟ್ಟು ೪೩ ಲಕ್ಷ. ವ್ಯತ್ಯಾಸ ೩ ಲಕ್ಷ. ಅವನನ್ನು ಕರೆತಂದ ಇನ್ನೊಬ್ಬ ದಲಾಲನಿಗೆ ೭೫ ಸಾವಿರ, ವಕೀಲರು, ಮೋಜಣಿ, ತಿರುಗಾಟಕ್ಕೆ ೨೫ ಸಾವಿರ ಹೋದರೆ ಕೈಗೆ ಉಳಿದದ್ದು ೨ ಲಕ್ಷ. ಅದರ ಮೇಲೆ ಆದಾಯ ತೆರಿಗೆ ಬೇರೆ. ಇನ್ನೊಂದು ಹೊಲಕ್ಕೂ ಹೀಗೆಯೇ ೨ ಲಕ್ಷ ಕೊಟ್ಟಿರಿ, ಕೊಳ್ಳುವವನು ಸಿಗಲಿಲ್ಲ, ಅವಧಿ ಮೀರಿದರೆ ಸಂಚಕಾರ ಮುಟ್ಟುಗೋಲೆಂದು ಪತ್ರದಲ್ಲಿದೆ. ಮೊದಲಿನ ಲಾಭ ಎರಡನೆಯದರ ನಷ್ಟಕ್ಕೆ ಸರಿಹೋಯಿತು. ಎಂಟು ತಿಂಗಳ ದುಡಿತಕ್ಕೆ ಸೊನ್ನೆ. ಎರಡಕ್ಕೆ ಒಂದು ಮುರಿಯುವುದು ಈ ವ್ಯಾಪಾರದಲ್ಲಿ ಅಪರೂಪದ ಮಾತೇನೂ ಅಲ್ಲ.

ಇದೇ ೪೦ ಲಕ್ಷದ ಹೊಲಕ್ಕೆ ನೀವು ಬರಿಯ ದಲಾಲರಾಗಿ ನಿಂತು, ಎರಡೂ ಕಡೆಯಿಂದ ನೂರಕ್ಕೆ ಒಂದರಂತೆ ಪಡೆದಿದ್ದರೆ ೮೦ ಸಾವಿರ ಬರುತ್ತಿತ್ತು. ೨ ಲಕ್ಷ ಗಂಡಾಂತರಕ್ಕೆ ಒಡ್ಡಬೇಕಾಗಿರಲಿಲ್ಲ. ಮಾರುವವನ ಮುಂದೆ ಏನನ್ನೂ ಮುಚ್ಚಬೇಕಾಗಿರಲಿಲ್ಲ. ಆದುದರಿಂದ ಹೊಸಬರಿಗೆ ನನ್ನ ಮೊದಲ ಮಾತು ಇಷ್ಟೆ: ಮೊದಲು ದಲಾಲಿ ಕಲಿಯಿರಿ, ಸಂಚಕಾರದ ಮಾತು ಆಮೇಲೆ.

ಇನ್ನು ಕಾಯಿದೆಯ ಮಾತು. ಸಂಚಕಾರ ಪತ್ರ ಕೈಯಲ್ಲಿದ್ದರೆ ಹೊಲವೇ ಕೈಯಲ್ಲಿದ್ದಂತೆ ಎಂಬ ಭ್ರಮೆ ಬಹಳ ಜನರಿಗಿದೆ. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೫೪ನೆಯ ಕಲಮಿನಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ: ಮಾರಾಟದ ಕರಾರು ತಾನಾಗಿಯೇ ಆ ಸ್ವತ್ತಿನಲ್ಲಿ ಯಾವ ಹಿತವನ್ನೂ ಹುಟ್ಟಿಸುವುದಿಲ್ಲ. ಒಡೆತನ ಬರುವುದು ನೋಂದಾಯಿಸಿದ ಖರೀದಿ ಪತ್ರದಿಂದ. ಕರಾರು, ಮುಖತ್ಯಾರ ಪತ್ರ, ಮೃತ್ಯುಪತ್ರ ಈ ಮೂರನ್ನು ಕೂಡಿಸಿ ಖರೀದಿಯೆಂದು ನಡೆಸುತ್ತಿದ್ದ ಪದ್ಧತಿಯಿಂದ ಒಡೆತನ ಬಾರದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸಾರಿ ಹೇಳಿತು. ಹಾಗಾದರೆ ಪತ್ರದಿಂದ ನಿಮಗೆ ಬರುವುದೇನು? ಮಾತು ನಡೆಸಿಕೊಡೆಂದು ಕೇಳುವ ಹಕ್ಕು. ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯಂತೆ ಆ ಹಕ್ಕನ್ನು ಕೋರ್ಟಿನಲ್ಲಿ ಕೇಳಬಹುದು; ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಇನ್ನೊಬ್ಬರಿಗೆ ವಹಿಸಿಕೊಡಲೂಬಹುದು. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಹಕ್ಕನ್ನು ವಹಿಸಿಕೊಡಬಹುದು, ಹಣ ಕೊಡುವ ಹೊಣೆಯನ್ನು ಮಾರುವವನ ಒಪ್ಪಿಗೆಯಿಲ್ಲದೆ ಇನ್ನೊಬ್ಬನ ತಲೆಗೆ ಕಟ್ಟಿ ಪಾರಾಗಲು ಬರುವುದಿಲ್ಲ. ಎರಡನೆಯದಾಗಿ, ಉಳಿದ ಹಣ ಕೊಟ್ಟು ಕೊಳ್ಳಲು ತಾನು ಸಿದ್ಧನಿದ್ದೆನೆಂಬುದನ್ನು ದಾವೆ ಹೂಡಿದವನೇ ತೋರಿಸಬೇಕು. ೩೮ ಲಕ್ಷ ತರುವ ಶಕ್ತಿಯಿಲ್ಲದೆ ೨ ಲಕ್ಷದ ಚೀಟಿ ಹಿಡಿದು ಕೋರ್ಟಿನ ಮೆಟ್ಟಿಲೇರಿದವನಿಗೆ ಗೆಲುವು ದುರ್ಲಭ. ದಾವೆಗೆ ಮೂರು ವರ್ಷದ ಅವಧಿಯುಂಟು; ಅದು ಪತ್ರದಲ್ಲಿ ಗೊತ್ತುಪಡಿಸಿದ ದಿನದಿಂದ, ದಿನ ಗೊತ್ತುಪಡಿಸಿರದಿದ್ದರೆ ಮಾರುವವನು ಒಲ್ಲೆನೆಂದದ್ದು ತಿಳಿದಂದಿನಿಂದ, ಎಣಿಕೆಯಾಗುತ್ತದೆ.

ನಮ್ಮ ಜಿಲ್ಲೆಯವರು ವಿಶೇಷವಾಗಿ ನೆನಪಿಡಬೇಕಾದ ಸಂಗತಿ ಇನ್ನೊಂದಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿಗೆ ಹಳ್ಳಿಗಳು ಹೋದದ್ದನ್ನೂ, ಬಾಗಲಕೋಟೆಯ ಹಳೆಯ ಊರಿನ ಭಾಗ ಮುಳುಗಿ ನವನಗರ ಎದ್ದದ್ದನ್ನೂ ನಾವೇ ಕಂಡಿದ್ದೇವೆ. ಪರಿಹಾರ ಹೆಚ್ಚು ಬಂದೀತೆಂಬ ಆಸೆಯಿಂದ, ಸ್ವಾಧೀನಕ್ಕೆ ಹೋಗಬಹುದಾದ ಹೊಲಗಳ ಮೇಲೆ ಸಂಚಕಾರ ಕೊಟ್ಟು ಕಾಯುವವರುಂಟು. ೨೦೧೩ರ ಭೂಸ್ವಾಧೀನ ಕಾಯಿದೆಯಂತೆ ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ, ಜಿಲ್ಲಾಧಿಕಾರಿಗಳು ವಿಶೇಷ ಕಾರಣಕ್ಕಾಗಿ ವಿನಾಯಿತಿ ಕೊಟ್ಟ ಹೊರತು, ಆ ಜಮೀನಿನ ವ್ಯವಹಾರವನ್ನೇ ಮಾಡುವಂತಿಲ್ಲ. ಸರಕಾರದ ಕೆಂಪು ಕಲ್ಲಿನ ಮೇಲೆ ಸಂಚಕಾರದ ಕಟ್ಟಡ ಏಳುವುದಿಲ್ಲ.

ಸಂಚಕಾರ ಕೊಡುವ ಮೊದಲು ನೋಡಬೇಕಾದ ಕಾಗದಗಳಾವುವು? ಮೊದಲನೆಯದು ಪಹಣಿ; ನಮ್ಮ ಕಡೆಯ ಮಾತಿನಲ್ಲಿ ಉತಾರ. ಹುನಗುಂದ ೧೯೫೬ರವರೆಗೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಈ ಹೆಸರುಗಳು ನಮ್ಮಲ್ಲಿ ಉಳಿದಿವೆ. 'ಭೂಮಿ' ಯೋಜನೆ ಬಂದಾಗಿನಿಂದ ಇದು ಗಣಕದಲ್ಲಿ ಯಾರಿಗೂ ಸಿಗುತ್ತದೆ. ೯ನೆಯ ಅಂಕಣದಲ್ಲಿ ಒಡೆಯನ ಹೆಸರು, ೧೧ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, ೧೨ರಲ್ಲಿ ಸಾಗುವಳಿದಾರ; ಮೂರನ್ನೂ ಓದಬೇಕು. ಬರಿಯ ೯ನ್ನು ಓದಿ ಹಣ ಕೊಟ್ಟವರು ೧೧ರಲ್ಲಿ ಅಳುತ್ತಾರೆ. ಎರಡನೆಯದು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಬರುವ ಋಣಭಾರ ಪ್ರಮಾಣಪತ್ರ. ಮೂರನೆಯದು, ಸರ್ವೆ ನಂಬರಿನ ಒಂದು ಭಾಗವನ್ನಷ್ಟೆ ಮಾರುವುದಾದರೆ ಬೇಕಾಗುವ ೧೧ಇ ನಕ್ಷೆ.

ಕಾಗದದಲ್ಲಿ ಕಾಣದ ಒಡೆಯರೂ ಇರುತ್ತಾರೆ. ಅವರು ಮನೆಯ ಹೆಣ್ಣುಮಕ್ಕಳು. ೨೦೦೫ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ಹಕ್ಕು ಹುಟ್ಟಿನಿಂದ ಬಂದದ್ದು. ತಂದೆ ೨೦೦೫ರಲ್ಲಿ ಬದುಕಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ, ಎಂದು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ತೀರ್ಪು ಕೊಟ್ಟಿತು. ಅಣ್ಣ ತಮ್ಮಂದಿರು ಸಹಿ ಮಾಡಿದ ಪತ್ರ ಹಿಡಿದು ಕೊಳ್ಳುವವನನ್ನು ಕರೆತಂದಾಗ, ಕುಷ್ಟಗಿಗೆ ಕೊಟ್ಟ ಅಕ್ಕ ಒಲ್ಲೆನೆಂದರೆ ಅಲ್ಲಿಗೆ ವ್ಯಾಪಾರ ನಿಂತಿತು. ಅವಳನ್ನು ತಂಟೆಗಾರಳೆಂದು ಕರೆಯುವ ವಾಡಿಕೆಯುಂಟು. ತನ್ನ ಪಾಲನ್ನು ಕೇಳುವವಳು ತಂಟೆಗಾರಳಲ್ಲ. ಅವಳನ್ನು ಕೇಳದೆ ಹಣ ಕೊಟ್ಟವನು ಅವಿವೇಕಿ.

ಇನ್ನು, ಪರಿಶಿಷ್ಟ ಜಾತಿ ಪಂಗಡದವರಿಗೆ ಸರಕಾರದಿಂದ ಮಂಜೂರಾದ ಜಮೀನುಗಳಿವೆ. ೧೯೭೮ರ ಕಾಯಿದೆಯಂತೆ ಸರಕಾರದ ಪೂರ್ವಾನುಮತಿಯಿಲ್ಲದೆ ಅವುಗಳ ಪರಭಾರೆ ಅಸಿಂಧು. ಎಷ್ಟು ವರ್ಷ ಕಳೆದರೂ ಮರಳಿ ಕೇಳಬಹುದೆಂದು ೨೦೨೩ರ ತಿದ್ದುಪಡಿ ಹೇಳಿದೆ. ಇಂಥ ಹೊಲದ ಮೇಲೆ ಕೈ ಇಡಬೇಡಿ. ಕಾಯಿದೆಯ ಭಯಕ್ಕಷ್ಟೆ ಅಲ್ಲ, ಮನುಷ್ಯತ್ವಕ್ಕಾಗಿಯೂ. ಒಕ್ಕಲುತನ ಮಾಡದವರು ಹೊಲ ಕೊಳ್ಳಬಾರದೆಂದಿದ್ದ ನಿರ್ಬಂಧ ೨೦೨೦ರಲ್ಲಿ ಹೋಯಿತೆಂಬುದು ನಿಜ. ಆದರೆ ಗರಿಷ್ಠ ಮಿತಿ ಹೋಗಿಲ್ಲ. ಹೊಲದಲ್ಲಿ ಮನೆ ಕಟ್ಟಬೇಕಾದರೆ ೧೯೬೪ರ ಭೂಕಂದಾಯ ಕಾಯಿದೆಯ ೯೫ನೆಯ ಕಲಮಿನಂತೆ ಅದು ಬಿನಶೇತಕಿಯಾಗಬೇಕು. ಬಡಾವಣೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ಇವೆರಡೂ ಆಗದ ಹೊಲವನ್ನು ಪ್ಲಾಟೆಂದು ಮಾರುವವನು ಕನಸನ್ನು ಮಾರುತ್ತಾನೆ. ಅಲ್ಲದೆ ೨೦೧೬ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ, ಜನ 'ರೇರಾ' ಎನ್ನುವುದು, ೫೦೦ ಚದರ ಮೀಟರಿಗಿಂತ ಹೆಚ್ಚಿನ ಬಡಾವಣೆ ನೋಂದಣಿಯಾಗದೆ ಅಲ್ಲಿಯ ಪ್ಲಾಟುಗಳನ್ನು ಮಾರಬಾರದೆನ್ನುತ್ತದೆ. ಅವುಗಳ ಮಾರಾಟಕ್ಕೆ ನಡುವೆ ನಿಲ್ಲುವ ದಲಾಲನೂ ನೋಂದಾಯಿಸಿಕೊಂಡಿರಬೇಕು.

ಹಳೆಯ ಖರೀದಿ ಪತ್ರಗಳಲ್ಲಿಯೂ ಶಾಸನಗಳಲ್ಲಿಯೂ 'ಅಷ್ಟಭೋಗ ತೇಜಸ್ವಾಮ್ಯ'ವೆಂಬ ಮಾತು ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಇವು ಎಂಟು ಭೋಗಗಳು. ಭೂಮಿಯೆಂದರೆ ಬರಿಯ ಎಕರೆ ಗುಂಟೆಯಲ್ಲ, ಅದರ ನೀರು, ಕಲ್ಲು, ಮುಂದೆ ಬರುವುದು, ಸಾಧಿಸಬಹುದಾದುದು ಎಲ್ಲವೂ ಎಂದು ಹಿರಿಯರು ತಿಳಿದಿದ್ದರು. ನಮ್ಮ ಎರೆ ಭೂಮಿಯಲ್ಲಿ ಒಡ್ಡು ಗಟ್ಟಿಯಿದೆಯೆ, ಮಳೆಯ ನೀರು ಎತ್ತಣಿಂದ ಬಂದು ಎತ್ತ ಹೋಗುತ್ತದೆ, ಬಂಡಿ ಹೋಗುವ ದಾರಿ ಕಾಗದದಲ್ಲಿಯೂ ಇದೆಯೆ ಅಥವಾ ಬರಿಯ ನೆರೆಯವನ ಔದಾರ್ಯದಲ್ಲಿದೆಯೆ, ಇದನ್ನೆಲ್ಲ ಹೊಲದಲ್ಲಿ ನಿಂತು ನೋಡಬೇಕು. ಇಳಕಲ್ಲಿನ ಕೆಂಪು ಕಲ್ಲಿನ ಸೀಮೆಯಲ್ಲಿ ಕೆಳಗೆ ಕಲ್ಲಿದೆಯೆಂದು ಬೆಲೆ ಏರಿಸುವವರುಂಟು. ಗಣಿ ಇಲಾಖೆಯ ಪರವಾನಿಗೆಯಿಲ್ಲದೆ ಆ ಕಲ್ಲು ಎಬ್ಬಲು ಬರುವುದಿಲ್ಲವೆಂಬುದನ್ನು ಅವರು ಹೇಳುವುದಿಲ್ಲ.

ಪತ್ರ ಬರೆಯುವಾಗ ಸಂಕೋಚ ಬೇಡ. ಸರ್ವೆ ನಂಬರು, ಚಕಬಂದಿ, ಒಟ್ಟು ಬೆಲೆ, ಕೊಟ್ಟ ಸಂಚಕಾರ, ಅವಧಿ ಮುಗಿಯುವ ತಾರೀಖು, ಯಾರು ತಪ್ಪಿದರೆ ಏನು ಎಂಬುದು, ಬೇರೆಯವರ ಹೆಸರಿಗೆ ಖರೀದಿ ಮಾಡಿಸಬಹುದೆಂಬ ಮಾತು, ಇವೆಲ್ಲ ತಿಳಿಗನ್ನಡದಲ್ಲಿರಲಿ. ಸ್ವಾಧೀನವನ್ನು ಈಗಲೇ ಪಡೆಯಬೇಡಿ. ಸ್ವಾಧೀನ ಕೊಟ್ಟ ಕರಾರಿಗೆ ಖರೀದಿ ಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಸ್ಥಿರಾಸ್ತಿಯ ಮುಂಗಡವಾಗಿ ೨೦ ಸಾವಿರ ರೂಪಾಯಿ ಅಥವಾ ಅದಕ್ಕೂ ಹೆಚ್ಚನ್ನು ನಗದಾಗಿ ತೆಗೆದುಕೊಳ್ಳಬಾರದೆಂದು ೨೦೧೫ರಿಂದ ನಿಯಮವಿದೆ.

ತಾರೀಖಿನ ಮಾತೇಕೆ ಅಷ್ಟು ಮುಖ್ಯವೆಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಊರು, ಹೆಸರು ಬೇಡ. ವಿಧವೆಯೊಬ್ಬಳು ಮಗನ ಓದಿಗೆಂದು ಎರಡು ಎಕರೆ ಮಾರಲು ಹೊರಟಳು. ನಡುವಣವನೊಬ್ಬನು ೫೦ ಸಾವಿರ ಸಂಚಕಾರ ಕೊಟ್ಟು ಪತ್ರ ಮಾಡಿಕೊಂಡ. ಅವಳು ಅದನ್ನು ತಂದು ಓದಿಸಿದಾಗ ಎರಡು ವರ್ಷ ಕಳೆದಿತ್ತು. ನಾನು ಓದಿ ನೋಡಿದೆ: ಬೆಲೆಯಿದೆ, ಚಕಬಂದಿಯಿದೆ, ಸಾಕ್ಷಿಯಿದೆ, ಅವಧಿಯ ಜಾಗದಲ್ಲಿ ಮಾತ್ರ ಖಾಲಿ ಗೆರೆ. ಅವನು ಕೊಳ್ಳುವವನು ಸಿಗಲೆಂದು ಕಾಯುತ್ತಿದ್ದ. ಬೇರೆಯವರು ಕೊಳ್ಳಲು ಬಂದರೆ ಪತ್ರವಿದೆಯೆಂದು ಹೆದರಿಸಿ ಕಳಿಸುತ್ತಿದ್ದ. ಮಗ ಒಂದು ವರ್ಷ ಕಾಲೇಜಿಗೆ ಹೋಗಲೇ ಇಲ್ಲ. ಕೊನೆಗೆ ವಕೀಲರಿಂದ, ಇಂತಿಷ್ಟು ದಿನದೊಳಗೆ ಉಳಿದ ಹಣ ಕೊಟ್ಟು ಖರೀದಿ ಮಾಡಿಸಿಕೊಳ್ಳಬೇಕು, ಇಲ್ಲವೇ ಕರಾರು ರದ್ದಾಗುವುದೆಂದು ನೋಟೀಸು ಕೊಡಿಸಿದ ಮೇಲೆ ಅವನು ಬಂದು ತನ್ನ ಸಂಚಕಾರ ಮರಳಿ ಪಡೆದು ಪತ್ರ ಬಿಟ್ಟುಕೊಟ್ಟ. ಹೊಲ ಆಮೇಲೆ ಮಾರಿತು. ಆದರೆ ಆ ಒಂದು ವರ್ಷವನ್ನು ಹುಡುಗನಿಗೆ ಯಾವ ಪತ್ರ ಮರಳಿ ಕೊಟ್ಟೀತು?

ಈ ವ್ಯಾಪಾರದ ನೀತಿಯೆಲ್ಲ ಆ ಖಾಲಿ ಗೆರೆಯಲ್ಲಿದೆ ಎನ್ನಬಹುದು. ಮಾರುವವನು ಅವಸರದಲ್ಲಿರುತ್ತಾನೆ, ಮಗಳ ಮದುವೆ, ಬ್ಯಾಂಕಿನ ಸಾಲ, ಆಸ್ಪತ್ರೆಯ ಖರ್ಚು. ಅವನ ಅವಸರವೇ ನಿಮ್ಮ ಲಾಭವಾದರೆ ಅದು ವ್ಯಾಪಾರವಲ್ಲ, ಬೇಟೆ. ಹಾಗಾದರೆ ಲಾಭಕ್ಕೆ ನ್ಯಾಯವಾದ ದಾರಿಯಿಲ್ಲವೆ? ಇದೆ. ಕಾಗದ ಸರಿಯಿಲ್ಲದ ಹೊಲಕ್ಕೆ ಕಾಗದ ಸರಿಮಾಡಿಸಿ, ಅಕ್ಕತಂಗಿಯರನ್ನು ಒಪ್ಪಿಸಿ, ಮೋಜಣಿ ಮಾಡಿಸಿ, ದೂರದ ಕೊಳ್ಳುವವನನ್ನು ಕರೆತಂದರೆ ಹೊಲದ ಬೆಲೆ ಏರುವುದು ಸಹಜ. ಆ ಏರಿಕೆ ನಿಮ್ಮ ದುಡಿತದ್ದು. 'ನಾನು ನಿಮ್ಮ ಹೊಲವನ್ನು ನನಗಾಗಿ ಕೊಳ್ಳುತ್ತಿಲ್ಲ; ಇನ್ನೊಬ್ಬರಿಗೆ ಹೆಚ್ಚಿನ ಬೆಲೆಗೆ ಕೊಡಿಸುತ್ತೇನೆ; ನಡುವಿನದು ನನ್ನದು' ಎಂದು ಮೊದಲ ದಿನವೇ ಹೇಳಿಬಿಡಿ. ಇಷ್ಟು ಕೇಳಿದ ಮೇಲೂ ಸಹಿ ಮಾಡುವವನೊಡನೆ ಮಾತ್ರ ವ್ಯವಹರಿಸಿ. ಹೀಗೆ ಹೇಳಿದರೆ ಯಾರು ಒಪ್ಪುತ್ತಾರೆಂದು ಕೇಳುತ್ತೀರಾ? ಮೂವರಲ್ಲಿ ಇಬ್ಬರು ಒಪ್ಪದೆ ಹೋಗಬಹುದು. ಒಪ್ಪಿದ ಒಬ್ಬನು ಮುಂದೆ ತನ್ನ ಬೀಗರನ್ನೂ ನಿಮ್ಮಲ್ಲಿಗೇ ಕಳಿಸುತ್ತಾನೆ. ಸಣ್ಣ ಊರಿನಲ್ಲಿ ಇದಕ್ಕಿಂತ ದೊಡ್ಡ ಬಂಡವಾಳವಿಲ್ಲ.

ಮೊದಲು ಮಾಡುವವರಿಗೆ ಇನ್ನು ಕೆಲವೇ ಮಾತು. ಇಡೀ ಜಿಲ್ಲೆಗೆ ಕೈಚಾಚದೆ ಒಂದು ಹೋಬಳಿಯನ್ನು ಆರಿಸಿಕೊಳ್ಳಿ. ಅಲ್ಲಿಯ ಹೊಲ, ದಾರಿ, ಹಳ್ಳ, ಮನೆತನಗಳನ್ನು ಕಾಲ್ನಡೆಯಲ್ಲಿ ತಿಳಿಯಿರಿ. ಒಂದು ವಹಿಯಿಟ್ಟು ಯಾವ ಹೊಲ ಯಾವಾಗ ಎಷ್ಟಕ್ಕೆ ಕೈಬದಲಾಯಿತೆಂದು ಬರೆಯಿರಿ. ಸರಕಾರದ ಮಾರ್ಗಸೂಚಿ ದರ ಬೇರೆ, ಪೇಟೆಯ ದರ ಬೇರೆ. ಎರಡು ವರ್ಷ ಬರಿಯ ದಲಾಲಿಯಿಂದಲೇ ನಡೆಯಿರಿ. ಕೊಳ್ಳುವವರ ಗುರುತಾದ ಮೇಲೆ ಸಂಚಕಾರಕ್ಕೆ ಕೈಹಾಕಿ. ಆಗಲೂ ಒಂದು ಸಲಕ್ಕೆ ಒಂದೇ ಪತ್ರ. ಆ ಹಣ ಪೂರ್ತಿ ಹೋದರೂ ಮನೆಯ ಒಲೆ ಉರಿಯುವಂತಿರಬೇಕು. ಸಾಲ ತಂದು ಸಂಚಕಾರ ಕೊಡಲೇಬೇಡಿ. ಪ್ರತಿಯೊಂದು ಪತ್ರವನ್ನೂ, ಎಷ್ಟೇ ಸಣ್ಣದಿರಲಿ, ವಕೀಲರಿಗೆ ತೋರಿಸಿ.

ಹೊಲ ಮಾರುವ ಮನೆಯವರಿಗೆ ಒಂದೇ ಮಾತು: ತಾರೀಖಿಲ್ಲದ ಕಾಗದಕ್ಕೆ ಸಹಿ ಮಾಡಬೇಡಿ. ಓದಲು ಬಾರದಿದ್ದರೆ ಊರ ಶಾಲೆಯ ಯಾವ ಮಾಸ್ತರನಾದರೂ ಓದಿ ಹೇಳುತ್ತಾನೆ, ಅದಕ್ಕೆ ಫೀಯಿಲ್ಲ. ಸತ್ಯಂಕಾರವೆಂಬ ಶಬ್ದವನ್ನು ನಮ್ಮ ಜನ ಅಪಾಯವೆಂಬ ಅರ್ಥಕ್ಕೆ ತಿರುಗಿಸಿದರು. ಆ ಶಬ್ದವನ್ನು ಅದರ ಮೂಲದ ಅರ್ಥಕ್ಕೆ ಮರಳಿ ತರುವುದು ನಿಘಂಟುಕಾರರ ಕೈಯಲ್ಲಿಲ್ಲ, ವ್ಯವಹರಿಸುವವರ ಕೈಯಲ್ಲಿದೆ.